ಕಡಿಮೆ ಮಾತು, ಆಡದ ಮಾತು

ಮಧುಗಿರಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಪದಗಳ ಅಭ್ಯಾಸ ಮಾಡಿಸುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು ಒಂದು ಅನುಮಾನ ಕೇಳಿದಳು. ನಿಘಂಟಿನಲ್ಲಿ ‘ಲಕಾನಿಕ್’ ಅಂದರೂ ಮಿತಭಾಷಿ, ‘ರೆಟಿಸೆಂಟ್’ ಅಂದರೂ ಮಿತಭಾಷಿ ಎಂದೇ ಇದೆ, ಎರಡೂ ಒಂದೇ ಆಗಿದ್ದರೆ ಎರಡು ಪದ ಯಾಕೆ ಬೇಕು ಎಂದು.

ಎರಡೂ ಒಂದೇ ಅಲ್ಲ ಎಂದು ನಾನು ವಿವರಿಸಿದೆ. ಹೇಳಬೇಕಾದ್ದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಿ ಮುಗಿಸುವವನು ಲಕಾನಿಕ್. ಅವನದು ಮಾತು ಕಡಿಮೆ, ಆದರೆ ವಿಷಯ ಪೂರ್ತಿ. ಹೇಳಬೇಕಾದ್ದು ಇದ್ದೂ ಹೇಳದೆ ಒಳಗೇ ಇಟ್ಟುಕೊಳ್ಳುವವನು ರೆಟಿಸೆಂಟ್. ಮೊದಲನೆಯದಕ್ಕೆ ಉದಾಹರಣೆ ನನ್ನ ಮನೆಯಲ್ಲೇ ಇತ್ತು. ನನ್ನ ಅಕ್ಕನ ಗಂಡ ಫೋನಿನಲ್ಲಿ ಹೇಗೆ ಮಾತಾಡುತ್ತಾರೆ ಎಂದು ತೋರಿಸಿದೆ, ತರಗತಿ ನಕ್ಕಿತು. ಎರಡನೆಯದಕ್ಕೆ ತಕ್ಷಣ ಯಾರೂ ಹೊಳೆಯಲಿಲ್ಲ. ಗಂಡನ ಮನೆಯ ಕಷ್ಟ ತವರಿನಲ್ಲಿ ಬಾಯಿಬಿಡದ ಹೊಸ ಮದುವಣಗಿತ್ತಿ ಎಂದು ಏನೋ ಹೇಳಿದೆ.

ಹುಡುಗಿ ಕೂತವಳು ಮತ್ತೆ ಎದ್ದಳು. “ಜಾಸ್ತಿ ಮಾತಾಡೋರು ರೆಟಿಸೆಂಟ್ ಆಗಕ್ಕೆ ಆಗಲ್ವಾ ಮಿಸ್?”

ಅದು ಹೇಗಾಗುತ್ತದೆ, ಆಗಲ್ಲ, ಎಂದೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಆ ಸಂಜೆ ಎಂದಿನಂತೆ ಅಕ್ಕನ ಫೋನು ಬಂತು. ಎಂದಿನಂತೆ ಅವಳು ಬಹಳ ಹೊತ್ತು ಮಾತಾಡಿದಳು. ಆಗ ಅವಳ ಎದೆಯಲ್ಲಿ ಗಡ್ಡೆಯಿತ್ತು, ಅದು ಅವಳಿಗೆ ಗೊತ್ತಿತ್ತು.

ನಮ್ಮ ಊರು ಕೊರಟಗೆರೆ ಕಡೆ, ಚನ್ನರಾಯನದುರ್ಗದ ಬೆಟ್ಟದ ಕೆಳಗೆ. ನಾನು ಹೆಜ್ಜೆ ಇಡುವ ಮೊದಲೇ ಅವ್ವ ತೀರಿಕೊಂಡಳು. ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹೀಗಾಗಿ ನಾನು ಮಾತು ಕಲಿತದ್ದು ಅಕ್ಕನ ಬಾಯಿಂದಲೇ. ನನಗೆ ನೀರು ಹುಯ್ಯುವಾಗ, ತಲೆ ಬಾಚುವಾಗ, ರಾಗಿ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗುವಾಗ ಅವಳ ಬಾಯಿ ಆಡುತ್ತಲೇ ಇರುತ್ತಿತ್ತು. ಯಾರ ಮನೆಯ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಮೇಷ್ಟ್ರು ಇವತ್ತು ಯಾವ ಅಂಗಿ ಹಾಕಿದ್ದರು, ಎಲ್ಲವನ್ನೂ ನಾಟಕದ ಹಾಗೆ ಮಾಡಿ ತೋರಿಸುವಳು. ಅವ್ವ ಸತ್ತಾಗ ನಿನಗೆ ಏನನ್ನಿಸಿತು ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. ಆ ದಿನ ಮನೆಗೆ ಬಂದವರಿಗೆಲ್ಲ ಕಾಫಿ ಮಾಡಲು ಹೋಗಿ ಸಕ್ಕರೆ ಬದಲು ಉಪ್ಪು ಹಾಕಿದ ಚಿಕ್ಕಮ್ಮನ ಕಥೆ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂಬುದು ಆಗ ಗಮನಕ್ಕೇ ಬರಲಿಲ್ಲ.

ಭಾವ ಅವಳನ್ನು ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಶಿರಾ ಕಡೆಯ ಸಂಬಂಧ. ಲೈನ್‌ಮ್ಯಾನ್ ಕೆಲಸ. ಅಂಗಳದಲ್ಲಿ ಈಚಲ ಚಾಪೆಯ ಮೇಲೆ ಕೂತ ಆತ ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುವುದು ಬಿಟ್ಟರೆ ಬಾಯಿ ತೆಗೆಯಲಿಲ್ಲ. ಹುಡುಗಿಯನ್ನು ಏನಾದರೂ ಕೇಳಪ್ಪ ಎಂದು ಹಿರಿಯರೊಬ್ಬರು ಒತ್ತಾಯ ಮಾಡಿದ ಮೇಲೆ ತಲೆಯೆತ್ತಿ, “ನಂಗೆ ಜಾಸ್ತಿ ಮಾತಾಡಕ್ಕೆ ಬರಲ್ಲ. ಅವ್ರಿಗೆ ಆದೀತಾ ಕೇಳಿ” ಎಂದರು.

ಒಳಗಿನಿಂದ ಅಕ್ಕ ಉತ್ತರ ಕೊಟ್ಟಳು. “ಇಬ್ರುದೂ ನಾನೇ ಆಡ್ತೀನಿ ಬುಡಿ.”

ಮದುವೆ ಗಟ್ಟಿಯಾದದ್ದೇ ಆ ಮಾತಿನ ಮೇಲೆ. ಶಿರಾದ ಆಚೆ ತಾವರೆಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಅವರ ಸಂಸಾರ ಶುರುವಾಯಿತು. ಮುಂದೆ ಅಕ್ಕನಿಗೆ ಅಲ್ಲಿಯ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಕೆಲಸವೂ ಸಿಕ್ಕಿತು. ಅವರಿಗೆ ಒಬ್ಬಳೇ ಮಗಳು.

ಭಾವನ ಮಾತು ಕಡಿಮೆ ಎಂದರೆ ಅವರು ಏನೋ ಮುಚ್ಚಿಟ್ಟುಕೊಂಡಿದ್ದಾರೆ ಎಂದು ಹೊಸಬರು ತಿಳಿಯುತ್ತಿದ್ದರು. ಆಗಿನ್ನೂ ಬದುಕಿದ್ದ ಅಪ್ಪನೂ ಮೊದಮೊದಲು ಹಾಗೆಯೇ ಅಂದುಕೊಂಡು ಹೆದರಿದ್ದ. ಆದರೆ ಅವರಷ್ಟು ತೆರೆದ ಮನುಷ್ಯನನ್ನು ನಾನು ಕಂಡಿಲ್ಲ. ಒಮ್ಮೆ ಅವರ ಜೊತೆಗಾರ ಲೈನ್‌ಮ್ಯಾನ್ ಕಂಬದ ಮೇಲೆಯೇ ತೀರಿಕೊಂಡರು. ಲೈನು ಆಫ್ ಮಾಡಿಸಿಯೇ ಹತ್ತಿದ್ದರಂತೆ. ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದಿತ್ತು. ಆ ದಿನ ನಾನು ಅಕ್ಕನ ಮನೆಯಲ್ಲಿದ್ದೆ. ಭಾವ ಬಂದರು, ಕೈಕಾಲು ತೊಳೆದರು, ಜಗಲಿಯ ಮೇಲೆ ಕೂತರು. “ಅವನು ಹೋದ. ನಾನು ಹತ್ತಬೇಕಾಗಿತ್ತು, ಅವನು ಹತ್ತಿದ. ನಂಗೆ ಭಯ ಆಗ್ತೈತೆ” ಎಂದು ನಮ್ಮೆದುರಿಗೇ ಅತ್ತರು. ನಮ್ಮ ಕಡೆ ಗಂಡಸರು ಭಯ ಆಗುತ್ತದೆ ಎಂದು ಹೆಂಡತಿಯ ಮುಂದೆ, ನಾದಿನಿಯ ಮುಂದೆ ಹೇಳುವುದಿಲ್ಲ. ಅವರು ಹೇಳಿದರು. ಅದಾದ ಮೇಲೆ ಒಳಗೆ ಏನೂ ಉಳಿದಿರಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋದರು.

ಅಕ್ಕನ ಫೋನು ಬರುತ್ತಿದ್ದದ್ದು ಸಂಜೆ, ನಾನು ಕಾಲೇಜಿನಿಂದ ಬಂದು ಸೀರೆ ಬದಲಿಸುವ ಹೊತ್ತಿಗೆ. ಸ್ಪೀಕರಿಗೆ ಹಾಕಿಕೊಂಡು ನಾನು ಸೊಪ್ಪು ಬಿಡಿಸುತ್ತಿದ್ದೆ, ತೊಗರಿಕಾಳು ಆರಿಸುತ್ತಿದ್ದೆ. ಮೊಟ್ಟೆ ತಿನ್ನದೆ ಚಡ್ಡಿ ಜೇಬಿನಲ್ಲಿಟ್ಟುಕೊಂಡು ಅದು ಮರಿಯಾಗುತ್ತದೆ ಎಂದು ಕಾಯುತ್ತಿದ್ದ ಮಗುವಿನ ಕಥೆ, ಮಕ್ಕಳ ತೂಕದ ಲೆಕ್ಕ ಮೊಬೈಲಿಗೆ ಹಾಕಲು ನೆಟ್‌ವರ್ಕ್ ಸಿಗದೆ ಹುಣಸೆಮರದ ಕೆಳಗೆ ಹೋಗಿ ನಿಂತದ್ದು, ಸಂಘದ ಹೆಂಗಸರ ಜಗಳ. ನೀನು ಹೇಗಿದ್ದೀಯ ಎಂದು ಕೇಳಿದರೆ, “ನಂಗೇನಾಗೈತೆ, ಗುಂಡುಕಲ್ಲು ಇದ್ದಂಗೆ ಇದೀನಿ” ಎಂದು ಹೇಳಿ ಮುಂದಿನ ಕಥೆಗೆ ಹೋಗುವಳು. ನನ್ನ ಯಜಮಾನರು, ನಿಮ್ಮಕ್ಕ ರೇಡಿಯೋ ಇದ್ದ ಹಾಗೆ, ಅವರ ಮನೆಯಲ್ಲಿ ಗುಟ್ಟು ಅನ್ನುವುದು ಇರಲು ಸಾಧ್ಯವೇ ಇಲ್ಲ ಎಂದು ನಗುತ್ತಿದ್ದರು.

ಅವಳಲ್ಲೂ ಗುಟ್ಟಿದೆ ಎಂದು ನನಗೆ ಮೊದಲು ಗೊತ್ತಾದದ್ದು ಅಂಗನವಾಡಿಯ ಸಹಾಯಕಿಯಿಂದ. ಆಕೆ ಅಡಿಗೆ ಮಾಡಿ ಮಕ್ಕಳ ಕೈಬಾಯಿ ತೊಳೆಸುವ ಹೆಂಗಸು, ಅಕ್ಕನ ಜೊತೆ ಮೊದಲಿನಿಂದ ಇದ್ದವಳು. ಒಂದು ರಜೆಯಲ್ಲಿ ನಾನು ಅಂಗನವಾಡಿಗೆ ಹೋಗಿದ್ದೆ. ಅಕ್ಕ ಯಾರದೋ ಮನೆಗೆ ಹೋಗಿದ್ದಳು. ಮಕ್ಕಳು ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದವು. ಇಷ್ಟೊಂದು ಮಕ್ಕಳು ಬರುತ್ತವಲ್ಲ ಎಂದು ನಾನು ಮೆಚ್ಚಿಕೊಂಡೆ. ಸಹಾಯಕಿ ಸುತ್ತ ನೋಡಿ, ದನಿ ತಗ್ಗಿಸಿ, ಈಗ ಬರುತ್ತವೆ, ಮಿಸ್ಸು ಸೇರಿದ ಮೊದಲ ವರ್ಷ ಒಂದೂ ಬರುತ್ತಿರಲಿಲ್ಲ ಎಂದಳು.

ಮೇಲಿನ ಕೇರಿಯ ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದ್ದರಂತೆ. ನಮ್ಮ ಜಾತಿಯವಳು ಮುಟ್ಟಿದ ಪಾತ್ರೆಯಲ್ಲಿ ಮಕ್ಕಳು ಉಣ್ಣಬಾರದು ಎಂದು. ಅಕ್ಕ ದಿನಾ ಅಷ್ಟೂ ಜನಕ್ಕೆ ಅಡಿಗೆ ಮಾಡಿಸುವಳು, ಬಾಗಿಲಲ್ಲಿ ನಿಂತು ಕಾಯುವಳು, ಹೊತ್ತು ಮೀರಿದ ಮೇಲೆ ನಮ್ಮ ಕೇರಿಯ ನಾಲ್ಕು ಮಕ್ಕಳಿಗೆ ಬಡಿಸುವಳು. ಉಳಿದದ್ದನ್ನು ದನಕ್ಕೆ ಹಾಕಬೇಕಾದಾಗ ತಾನೇ ಹೊತ್ತುಕೊಂಡು ಹೋಗುವಳು, ಸಹಾಯಕಿಯನ್ನು ಕಳಿಸುತ್ತಿರಲಿಲ್ಲ. ಯಾರೋ ಒಬ್ಬಾಕೆ ನಡುಬೀದಿಯಲ್ಲಿ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದದ್ದೂ ಇತ್ತು. ಕ್ರಮೇಣ ಒಂದೊಂದೇ ಮಗು ಬರತೊಡಗಿತು. ಹೇಗೆ ಬಂತು, ಏನಾಯಿತು ಎಂದರೆ ಸಹಾಯಕಿಗೂ ಗೊತ್ತಿಲ್ಲ. ಮಿಸ್ಸು ಮನೆಮನೆಗೆ ಹೋಗಿ ಮಾತಾಡ್ತಿದ್ರು ಕಣಮ್ಮ, ಅವರ ಬಾಯಿಗೆ ಯಾರು ತಡೀತಾರೆ ಎಂದಳು.

ಆ ಇಡೀ ವರ್ಷ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ, ಎಂ.ಎ. ಓದುತ್ತಿದ್ದೆ. ವಾರಕ್ಕೊಮ್ಮೆ ಅಕ್ಕನ ಫೋನು. ಅಂಗನವಾಡಿ ಹೇಗಿದೆ ಎಂದು ಕೇಳಿದಾಗಲೆಲ್ಲ ತುಂಬು ತರಗತಿಯ ಕಥೆ ಹೇಳುತ್ತಿದ್ದಳು. ಮಕ್ಕಳು ಹಾಡಿದ್ದು, ಕುಣಿದದ್ದು, ಅತ್ತದ್ದು. ಆ ಮಕ್ಕಳು ಯಾರೂ ಅಲ್ಲಿರಲಿಲ್ಲ.

ಸಂಜೆ ಅವಳನ್ನು ಕೇಳಿದೆ. ಅವಳು ಮುದ್ದೆ ತೊಳಸುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ. “ಅಯ್ಯೋ, ಅದೆಲ್ಲಾ ಯಾವ ಕಾಲದ್ದು ಕಣೆ” ಎಂದು, ಅವತ್ತು ಬೈದ ಆ ಹೆಂಗಸಿನ ಮೊಮ್ಮಗು ಈಗ ತನ್ನ ತೊಡೆಯ ಮೇಲೆ ಬಿಟ್ಟು ಬೇರೆಲ್ಲೂ ಉಣ್ಣುವುದಿಲ್ಲ ಎಂಬ ಕಥೆ ಶುರು ಮಾಡಿದಳು. ಒಳ್ಳೆಯ ಕಥೆಯೇ. ಕೇಳುತ್ತ ಕೂತೆ. ಭಾವ ಗೋಡೆಗೆ ಒರಗಿ ಕೂತಿದ್ದರು. ಆ ವರ್ಷ ಅವರ ಡ್ಯೂಟಿ ದೂರದ ಊರಲ್ಲಿ, ಮನೆಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ. ಅವರ ಮುಖ ನೋಡಿದರೆ ಈ ವಿಷಯ ಅವರೂ ಮೊದಲ ಸಲ ಕೇಳುತ್ತಿರುವುದು ಎಂದು ತಿಳಿಯಿತು. ಅವರು ಎದ್ದು ಹೊರಗೆ ಹೋದರು.

ಅಕ್ಕನ ಮಗಳನ್ನು ಪಾವಗಡದ ಕಡೆ ಕೊಟ್ಟಿದ್ದರು. ಅಳಿಯ ಸೋಲಾರ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಅವರ ಮನೆಯ ಮಾತು ಅರ್ಧ ತೆಲುಗು. ಅಕ್ಕ ಒಂದೇ ಬೇಸಿಗೆಯಲ್ಲಿ ಅದನ್ನೂ ಕಲಿತು ಬೀಗಿತ್ತಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದಳು. ಮಗಳು ಬಸುರಿಯಾದಾಗ ಬಾಣಂತನಕ್ಕೆ ಕರೆತಂದಳು. ಗಡ್ಡೆ ಅವಳ ಕೈಗೆ ಸಿಕ್ಕದ್ದು ಅದಕ್ಕೂ ಮೊದಲು. ಇದನ್ನು ನಾನು ಆಮೇಲೆ ತಿಳಿದದ್ದು.

ಆ ಸಮಯದಲ್ಲೇ ಅವಳ ಊರಿನಲ್ಲಿ ಹೆಂಗಸರ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಎದೆಯಲ್ಲಿ ಗಂಟು ಕಂಡರೆ ನಾಚಿಕೊಳ್ಳಬೇಡಿ, ಬೇಗ ತೋರಿಸಿ ಎಂದು ಮನೆಮನೆಗೂ ಹೋಗಿ ಹೇಳಿದವಳು ಅಕ್ಕನೇ. ಹಟ ಮಾಡಿದ ಮುದುಕಿಯರನ್ನು ಕೈಹಿಡಿದು ಕರೆದುಕೊಂಡು ಬಂದು ಸಾಲಿನಲ್ಲಿ ನಿಲ್ಲಿಸಿದಳು. ಅವಳು ಮಾತ್ರ ಪರದೆಯ ಈಚೆಗೇ ನಿಂತಿದ್ದಳು. ಆ ದಿನದ ತಮಾಷೆಗಳನ್ನೆಲ್ಲ ಸಂಜೆ ನನಗೆ ಫೋನಿನಲ್ಲಿ ಹೇಳಿದಳು. ಡಾಕ್ಟರು ಬ್ಲೌಸು ಬಿಚ್ಚಿ ಅಂದಾಗ ಮುದುಕಿಯೊಬ್ಬಳು, ನನ್ನ ಗಂಡನೇ ಇಂಗೆ ಕೇಳಿರ್ಲಿಲ್ಲ ಎಂದಳಂತೆ. ನನಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಮಗಳಿಗೆ ಗಂಡು ಮಗುವಾಯಿತು. ಅಕ್ಕ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುತ್ತಿದ್ದಳು. ಎಣ್ಣೆ ತಿಕ್ಕುವುದೆಲ್ಲ ಎಡಗೈಯಲ್ಲೇ. ಕೂಸನ್ನು ಬಲಗಡೆಗೆ ಒರಗಿಸಿಕೊಳ್ಳುತ್ತಿರಲಿಲ್ಲ. ಯಾಕವ್ವ ಎಂದು ಮಗಳು ಕೇಳಿದರೆ, ಭುಜ ಹಿಡ್ಕೊಂಡೈತೆ, ವಯಸ್ಸಾಯ್ತಲ್ಲ ಎಂದು ಹೇಳಿ, ಭುಜ ಹಿಡಿದುಕೊಂಡ ಇನ್ನಾರದೋ ಕಥೆಗೆ ಹೋದಳಂತೆ. ಬಾಣಂತನ ಮುಗಿಸಿ, ತೊಟ್ಟಿಲು ಕಟ್ಟಿಸಿ, ಮಗಳನ್ನೂ ಕೂಸನ್ನೂ ಪಾವಗಡಕ್ಕೆ ಬಿಟ್ಟು ಬಂದಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿದ್ದಾಗ ಭಾವನ ಫೋನು ಬಂತು. ಅವರು ಫೋನು ಮಾಡುವವರೇ ಅಲ್ಲ.

“ನಿಮ್ಮಕ್ಕಂಗೆ ಎದೇಲಿ ಗಡ್ಡೆ. ಒಡೆದೈತೆ. ಬಾಳ ದಿನದಿಂದ ಐತಂತೆ. ಬಾ.”

ಅಷ್ಟೇ. ಬಸ್ಸು ಹತ್ತಿದೆ. ಬಡವನಹಳ್ಳಿ ದಾಟಿ ಶಿರಾಕ್ಕೆ ಹೋಗುವ ಆ ದಾರಿ ಅವತ್ತು ಮುಗಿಯಲೇ ಇಲ್ಲ. ಆ ಮಾತುಗಳನ್ನೇ ಮತ್ತೆ ಮತ್ತೆ ಅಂದುಕೊಂಡೆ. ಬಿಡಲು ಒಂದು ಪದವೂ ಇರಲಿಲ್ಲ, ಸೇರಿಸಲೂ ಇರಲಿಲ್ಲ.

ಆದದ್ದು ಇಷ್ಟು. ಭಾವ ಗಾಡಿ ಒರೆಸಲು ಹಳೆ ಬಟ್ಟೆ ಹುಡುಕುತ್ತ ಬಚ್ಚಲಮನೆಯ ಅಟ್ಟಕ್ಕೆ ಕೈ ಹಾಕಿದಾಗ ಒಂದು ಕವರಿನಲ್ಲಿ ಕೀವು ರಕ್ತ ಅಂಟಿದ ಚೂರುಬಟ್ಟೆಗಳು ಸಿಕ್ಕವು. ತಂದು ಅಕ್ಕನ ಮುಂದೆ ಹಿಡಿದರು. ಅಕ್ಕ ಎಂದಿನಂತೆ ಏನೋ ಶುರು ಮಾಡಿದಳು, ಎಮ್ಮೆಗೆ ಗಾಯ ಆಗಿತ್ತು, ಅರಿಸಿನ ಹಚ್ಚಿದೆ ಎಂದು. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ. ಭಾವ “ತೋರ್ಸು” ಎಂದರಂತೆ. ಅವಳು ಸೆರಗು ಸರಿಸಿದಳಂತೆ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಮಾತಿಲ್ಲದೆ ಕೂತದ್ದನ್ನು ಭಾವ ನೋಡಿದ್ದು ಅದೇ ಮೊದಲು.

ತುಮಕೂರಿನಲ್ಲಿ ತೋರಿಸಿದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳಿದಾಗ ಅಕ್ಕ ಒಂದೆರಡು ತಿಂಗಳಿಂದ ಎಂದಳು. ಡಾಕ್ಟರು ವಯಸ್ಸಾದ ಹೆಂಗಸು. ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. “ಒಂದು ವರ್ಷದ ಮೇಲೆ” ಎಂದರು ಭಾವ. ಡಾಕ್ಟರು ತಲೆಯಾಡಿಸಿದರು. ಆಮೇಲೆ ಅಕ್ಕನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ ಹೇಳಿದರು. ಲಿವರಿಗೂ ಮೂಳೆಗೂ ಹರಡಿದೆ, ನೋವು ಕಡಿಮೆ ಮಾಡಬಹುದು, ಇನ್ನಷ್ಟು ಕಾಲ ದೂಡಬಹುದು, ವಾಸಿಯ ಮಾತು ಬೇಡ. ಹೊರಗೆ ಬಂದಾಗ ಅಕ್ಕ ಪಕ್ಕದ ಬೆಂಚಿನ ಮುಸ್ಲಿಂ ಹೆಂಗಸಿನ ಜೊತೆ ಶಿರಾದ ಬಟ್ಟೆ ಅಂಗಡಿಗಳ ವಿಷಯ ಮಾತಾಡುತ್ತಿದ್ದಳು. ಆ ಹೆಂಗಸೂ ಶಿರಾದವಳೇ. ನಮ್ಮನ್ನು ಕಂಡು, ಬಾರೆ, ಇವರು ನಮ್ಮೂರ ಕಡೆಯೋರೇ ಕಣೆ ಎಂದು ನನ್ನ ಕೈ ಎಳೆದು ಕೂರಿಸಿಕೊಂಡಳು. ಒಳಗೆ ಡಾಕ್ಟರು ಏನಂದರು ಎಂದು ಕೇಳಲಿಲ್ಲ.

ಕೀಮೋ ಕೊಡಿಸುವಾಗ ನಾನು ರಜೆ ಹಾಕಿ ಜೊತೆಗಿರುತ್ತಿದ್ದೆ. ವಾರ್ಡಿನಲ್ಲಿ ಅವಳನ್ನು ಅರಿಯದವರು ಯಾರೂ ಉಳಿಯಲಿಲ್ಲ. ಕಸ ಗುಡಿಸುವವಳ ಮಗಳ ಮದುವೆಯ ವಿಷಯವೂ ಅವಳಿಗೆ ಗೊತ್ತು. ಕೂದಲು ಉದುರಿದಾಗ ಅದನ್ನೇ ತಮಾಷೆ ಮಾಡಿಕೊಂಡಳು. ನನಗೆ ಅವಳ ಮಾತು ಕೇಳುವುದೇ ಹಿಂಸೆಯಾಗತೊಡಗಿತು. ಮಾತು ಅವಳ ಸುತ್ತ ಬೇಲಿ ಹಾಕಿದ ಹಾಗೆ ಕಾಣುತ್ತಿತ್ತು, ಎಲ್ಲಿ ಹೋದರೂ ದಾರಿಯಿಲ್ಲ.

ಒಂದು ಮಧ್ಯಾಹ್ನ, ಡ್ರಿಪ್ಪು ಇಳಿಯುತ್ತಿರುವಾಗ, ಕೇಳಿಯೇಬಿಟ್ಟೆ. ಬೇರೆಯವರಿಗೆ ಬೇಡ, ನನಗೆ ಯಾಕೆ ಹೇಳಲಿಲ್ಲ, ದಿನಾ ಮಾತಾಡುತ್ತಿದ್ದೆಯಲ್ಲ ಎಂದೆ. ಅವಳು ಪಕ್ಕದ ಮಂಚದವಳ ಕಡೆ ತಿರುಗಿ ಏನೋ ಹೇಳಲು ಹೊರಟಳು. ನಾನು ಅವಳ ಗಲ್ಲ ಹಿಡಿದು ಈ ಕಡೆಗೆ ತಿರುಗಿಸಿದೆ. ಚಿಕ್ಕಂದಿನಲ್ಲಿ ತಲೆ ಬಾಚುವಾಗ ಅವಳು ನನಗೆ ಹಾಗೆ ಮಾಡುತ್ತಿದ್ದಳು.

ಡ್ರಿಪ್ಪಿನ ನಳಿಕೆ ಸರಿಮಾಡಿಕೊಂಡಳು.

“ಹೇಳ್ಬೇಕು ಅಂತಾನೇ ಫೋನ್ ಮಾಡೋಳು ಕಣೆ. ಬಾಯಿ ತೆಗೆದ್ರೆ ಬೇರೆ ಮಾತು ಬಂದ್ಬುಡೋದು.”

“ಭಾವಂಗಾದ್ರೂ?”

“ಅವ್ರಿಗೆ ಹೇಳುದ್ರೆ ನಿಜ ಆಗೋಗೋದು. ಅವ್ರು ಆಡಿದ್ದೆಲ್ಲಾ ನಿಜಾನೇ.”

ಮಗಳ ಹೆರಿಗೆ ಆಗಲಿ ಎಂದು ಕಾದೆಯಾ, ಖರ್ಚಿಗೆ ಹೆದರಿದೆಯಾ, ನಾಚಿಕೆಯಾ ಎಂದು ನಾನೇ ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟೆ. ಎಲ್ಲದಕ್ಕೂ ತಲೆ ಅಡ್ಡಡ್ಡ ಆಡಿಸಿದಳು. “ನಂದು ಅಂತ ಏನಾದ್ರೂ ಹೇಳಕ್ಕೆ ಹೋದ್ರೆ ನಂಗೆ ಬರಲ್ಲ ಕಣೆ. ಅಷ್ಟೇ” ಎಂದಳು. ಅದರ ಹಿಂದೆ ಯಾವ ಕಥೆಯೂ ಬರಲಿಲ್ಲ. ಅಂದು ಅವಳು ನನ್ನ ಕೈ ಬಿಡಲಿಲ್ಲ. ಆದರೆ ಆಮೇಲೆ ಆ ವಿಷಯ ಎತ್ತಲೂ ಬಿಡಲಿಲ್ಲ.

ಕಾಲೇಜಿನ ಲೈಬ್ರರಿಯಲ್ಲಿ ದೊಡ್ಡ ನಿಘಂಟು ತೆಗೆದು ಆ ಎರಡು ಪದಗಳನ್ನು ಆ ದಿನಗಳಲ್ಲಿ ಮತ್ತೆ ನೋಡಿದೆ. ಎಷ್ಟು ಮಾತು ಎನ್ನುವುದು ಒಂದರ ಲೆಕ್ಕ, ಏನನ್ನು ತಡೆದದ್ದು ಎನ್ನುವುದು ಇನ್ನೊಂದರ ಲೆಕ್ಕ. ವ್ಯತ್ಯಾಸ ಅಲ್ಲಿ ಸರಿಯಾಗಿಯೇ ಇತ್ತು. ಆ ಹುಡುಗಿಗೆ ಕೊಟ್ಟ ಉತ್ತರ ಬಿಟ್ಟರೆ ನಾನು ಇಷ್ಟು ವರ್ಷ ಸರಿಯಾಗಿಯೇ ಕಲಿಸಿದ್ದೆ. ಅದನ್ನು ತಿಳಿದಿದ್ದರಿಂದ ಅಕ್ಕನಿಗೆ ಏನಾಯಿತು? ನನ್ನ ಓದು ಅವಳ ಎದೆಯ ಹತ್ತಿರಕ್ಕೂ ಹೋಗಲಿಲ್ಲ. ನಿಘಂಟನ್ನು ಕಪಾಟಿನಲ್ಲಿಟ್ಟು ಬಂದೆ.

ಇನ್ನು ಕೀಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಅಕ್ಕ ತನ್ನ ಮನೆಗೇ ಬಂದಳು. ಮಗಳು ಕೂಸನ್ನೆತ್ತಿಕೊಂಡು ಬಂದು ಉಳಿದಳು. ನೋವಿನ ಮಾತ್ರೆ ಜಾಸ್ತಿಯಾದ ಹಾಗೆ ಅಕ್ಕನ ಮಾತು ಕಡಿಮೆಯಾಯಿತು. ಮೊದಲು ಕಥೆಗಳು ಅರ್ಧಕ್ಕೆ ನಿಂತವು. ಆಮೇಲೆ ವಾಕ್ಯಗಳು. ಕೊನೆಗೆ ನೀರು, ಬೆಳಕು ಎಂಬಂಥ ಒಂದೊಂದು ಪದ. ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ಯಾರಿಗೂ ರೂಢಿಯಿರಲಿಲ್ಲ. ಕೂಸು ಕೂಡ ಅವಳ ಮುಖ ನೋಡಿ ಕಾಯುವ ಹಾಗೆ ಕಾಣುತ್ತಿತ್ತು.

ಆಗ ಭಾವ ಮಾತಾಡಲು ಶುರು ಮಾಡಿದರು. ಕೆಲಸದಿಂದ ಬಂದವರು ಅವಳ ಮಂಚದ ಪಕ್ಕ ಕೂತು ಆ ದಿನ ಏನೇನಾಯಿತು ಎಂದು ಹೇಳುವರು. ಇವತ್ತು ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಬೇರೆ ತಂದು ಕೂರಿಸಿದೆವು. ಸಂಜೆಗೆ ಕರೆಂಟು ಬಂತು. ಅಲ್ಲಿಗೆ ಮುಗಿದುಹೋಗುತ್ತಿತ್ತು. ಮುಂದೇನು ಎಂದು ತಿಳಿಯದೆ ಅವರು ತಮ್ಮ ಅಂಗೈ ನೋಡಿಕೊಳ್ಳುವರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ದಾರೀಲಿ ಕಡಲೆಕಾಯಿ ಕೀಳ್ತಿದ್ರು ಎನ್ನುವರು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು. ಒಂದು ಸಂಜೆ ಅವರು ಎದ್ದು ಅಡಿಗೆಮನೆಗೆ ಬಂದು ನನ್ನ ಪಕ್ಕ ನಿಂತರು. “ಏನ್ ಮಾತಾಡ್ಲಿ ಕಣಮ್ಮ? ಎಲ್ಲಾ ಹೇಳಿ ಆಗೋಯ್ತು” ಎಂದರು. ಆ ಮನುಷ್ಯನಿಗೆ ನಾನು ಏನು ಹೇಳಿಕೊಡಲಿ? ಅಂಗನವಾಡಿ ಮಕ್ಕಳ ವಿಷಯ ಹೇಳಿ ಭಾವ ಎಂದೆ. ಅವರು ಮಾರನೆಯ ದಿನ ಅಂಗನವಾಡಿಗೆ ಹೋಗಿ ಸಹಾಯಕಿಯನ್ನು ಕೇಳಿ, ಯಾವ ಮಗು ಏನು ಮಾಡಿತು ಎಂದು ತಿಳಿದುಕೊಂಡು ಬಂದು ಪಾಠ ಒಪ್ಪಿಸುವ ಹಾಗೆ ಅವಳಿಗೆ ಹೇಳಿದರು. ಅಕ್ಕನ ತುಟಿ ಸ್ವಲ್ಪ ಅಲುಗಿತು. ಅದು ನಗುವೋ ನೋವೋ ನಮಗೆ ಗೊತ್ತಾಗಲಿಲ್ಲ. ಹೇಳಲು ಅವಳಿಗೆ ಶಕ್ತಿಯಿರಲಿಲ್ಲ. ಶಕ್ತಿಯಿದ್ದರೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಭಾವ ಕೆಲಸಕ್ಕೆ ಹೊರಡುವ ಮೊದಲು, ಅಕ್ಕ ತೀರಿಕೊಂಡಳು. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು, ನಾನು ಅಂಗಳದಲ್ಲಿದ್ದೆ. ಭಾವ ಬಾಗಿಲಿಗೆ ಬಂದು, “ಹೋದ್ಳು” ಎಂದರು.

ಅವರ ಮನೆಯಲ್ಲಿ ಬುದ್ಧನ ಪಟ ಬಿಟ್ಟು ಬೇರೆ ಇಲ್ಲ. ಬುದ್ಧ ವಂದನೆ ಹೇಳಿ ಮಣ್ಣು ಮಾಡಿದೆವು. ಅವಳ ಕೈಯಲ್ಲಿ ಉಂಡು ದೊಡ್ಡವರಾದ ಹುಡುಗರು, ಅವರ ತಾಯಂದಿರು, ಮೇಲಿನ ಕೇರಿಯಿಂದಲೂ ಬಂದಿದ್ದರು. ಅವರಲ್ಲೊಬ್ಬಾಕೆ ನನ್ನ ಕೈ ಹಿಡಿದು, ನಮ್ಮ ಮಿಸ್ಸು ಎಷ್ಟು ಮಾತಾಡೋರು, ಮನಸಲ್ಲಿ ಏನೂ ಇಟ್ಕೊಳ್ತಿರ್ಲಿಲ್ಲ ಎಂದು ಅತ್ತಳು. ಅಲ್ಲ ಎಂದು ಹೇಳಬೇಕೆನಿಸಿತು. ಹೇಳಿ ಏನು? ತಲೆಯಾಡಿಸಿದೆ.

ಮಗಳ ದುಃಖ ಸಿಟ್ಟಾಗಿ ತಿರುಗಿತು. ಒಂದೇ ಸೂರಿನ ಕೆಳಗೆ ಇದ್ದು ಅಪ್ಪನಿಗೆ ಹೇಗೆ ತಿಳಿಯಲಿಲ್ಲ ಎಂದು ಅವಳು ನನ್ನ ಹತ್ತಿರ ಹೇಳುತ್ತಲೇ ಇದ್ದಳು. ಪಾವಗಡಕ್ಕೆ ಹೊರಡುವ ದಿನ ನೇರವಾಗಿ ಕೇಳಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು, “ನೀನು ಒಂದ್ಸಲಾನೂ ಕೇಳ್ಲಿಲ್ವಾ ಅಪ್ಪ?” ಎಂದಳು.

“ಕೇಳ್ಲಿಲ್ಲ” ಎಂದರು ಭಾವ. “ಅವಳು ಮಾತಾಡ್ತಿದ್ಳು. ಚೆನ್ನಾಗವ್ಳೆ ಅಂದ್ಕಂಡೆ.”

ಮಗಳು ಇನ್ನೇನಕ್ಕೋ ಕಾಯುತ್ತಿದ್ದಳು. ತಪ್ಪಾಯ್ತು ಎಂದೋ, ಹೇಗೆ ಗೊತ್ತಾಗಬೇಕಿತ್ತು ಎಂದೋ. ಭಾವನ ಬಳಿ ಅದಕ್ಕಿಂತ ಬೇರೆ ಇರಲಿಲ್ಲ. ಎಲ್ಲವೂ ಆ ಎರಡು ಮಾತಿನಲ್ಲಿ ಬಂದಾಗಿತ್ತು. ಮಗಳಿಗೆ ಅದು ಸಾಲಲಿಲ್ಲ. ಅವಳು ಹೋದಳು. ಈಗ ಅಪ್ಪನಿಗೆ ಫೋನು ಮಾಡಿದರೆ ಊಟ ಆಯಿತಾ ಎಂದು ಕೇಳುತ್ತಾಳೆ, ಅವರು ಆಯಿತು ಎನ್ನುತ್ತಾರೆ, ಇಡುತ್ತಾರೆ.

ಸಂಜೆಗಳು ನನಗೆ ದೊಡ್ಡ ಕಷ್ಟವಾದವು. ಕಾಲೇಜಿನಿಂದ ಬಂದು ಸೊಪ್ಪು ಬಿಡಿಸಲು ಕೂತರೆ ಕೈ ಓಡುವುದಿಲ್ಲ. ಅವಳ ದನಿ ನೆನಪಿದೆ, ಹೇಳಿದ ಕಥೆಗಳೆಲ್ಲ ನೆನಪಿವೆ, ಆದರೆ ಅವುಗಳಲ್ಲಿ ಅವಳನ್ನು ಹುಡುಕಿದರೆ ಸಿಗುವುದಿಲ್ಲ. ನನ್ನನ್ನು ಸಾಕಿದವಳಿಗೆ ಯಾವುದರ ಭಯವಿತ್ತು, ಯಾರ ಮೇಲೆ ಸಿಟ್ಟಿತ್ತು, ಏನು ಬೇಕಾಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ಬದುಕಿದ್ದಷ್ಟು ದಿನ ಅವಳು ನನ್ನ ಕಿವಿಯಲ್ಲೇ ಇದ್ದಳು, ಆದರೂ ನನಗೆ ಅಪರಿಚಿತಳಾಗಿಯೇ ಹೋದಳು.

ಮಳೆಗಾಲ ಕಳೆದ ಮೇಲೆ ಭಾವ ಬುಕ್ಕಾಪಟ್ಟಣದ ಕಡೆಗೆ ವರ್ಗ ಕೇಳಿ ಹಾಕಿಸಿಕೊಂಡರು. ಅಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದರು. ಸಾಮಾನು ಕಟ್ಟುವ ದಿನ ನನ್ನನ್ನು ಕರೆದಿದ್ದರು. ಅಕ್ಕನ ಸೀರೆಗಳನ್ನು ಸಹಾಯಕಿಗೆ ಕೊಟ್ಟೆವು. ಪಾತ್ರೆಗಳಲ್ಲಿ ಒಬ್ಬರಿಗೆ ಸಾಕಾಗುವಷ್ಟನ್ನು ಎತ್ತಿಟ್ಟರು. ಇಷ್ಟು ವರ್ಷದ ಮನೆ, ಯಾಕೆ ಬಿಡುತ್ತೀರಿ ಭಾವ, ರಿಟೈರ್ ಆಗಲು ಇನ್ನೇನು ಬಹಳ ದಿನವಿಲ್ಲವಲ್ಲ ಎಂದೆ.

“ಇಲ್ಲಿ ಸದ್ದಿಲ್ಲ” ಎಂದರು. “ನಂಗೆ ಆಗ್ತಿಲ್ಲ.”

ಲಗೇಜ್ ಆಟೋದ ಹಿಂದೆ ಅವರು ತಮ್ಮ ಬೈಕಿನಲ್ಲಿ ಹೊರಟರು. ನಾನು ಬಸ್‌ಸ್ಟಾಪಿಗೆ ನಡೆದು ಶಿರಾದ ಬಸ್ಸು ಬರುವ ತನಕ ಅಲ್ಲೇ ಕೂತಿದ್ದೆ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನೆರಳಿಗೆ ನಿಂತು, ನೀವು ನಮ್ಮ ಮಿಸ್ಸಿನ ತಂಗಿ ಅಲ್ವಾ, ಹೆಂಗಿದೀರ ಎಂದು ಕೇಳಿದಳು. ಚೆನ್ನಾಗಿದೀನಿ ಎಂದೆ. ಬಸ್ಸು ಬಂತು.